ಕುಂಕುಮ ಕಂಡ ಕ್ಯಾಮೆರಾ

ಬೀಜದ ಮೇಡಂ ಮುಡಿಯಲ್ಲಿ ಹೂವಿರುತ್ತಿರಲಿಲ್ಲ, ಸ್ಟೀಲಿನ ಚಿಮಟ ಇರುತ್ತಿತ್ತು. ದಿನಾ ಹರಿಹರದಿಂದ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ವಿನೋಬನಗರದ ಬೀಜ ಪರೀಕ್ಷೆಯ ಕೋಣೆ ತೆರೆದು, ಮೊದಲು ಕ್ಯಾಮೆರಾದ ಗಾಜು, ಆಮೇಲೆ ತಮ್ಮ ಕನ್ನಡಕ ಒರೆಸುತ್ತಿದ್ದರು. ಕಪ್ಪು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಕಾಳು ಹರಡಿದರೆ ಕ್ಯಾಮೆರಾ ಚಿತ್ರ ತೆಗೆಯುತ್ತಿತ್ತು; ಕಂಪ್ಯೂಟರ್ ಒಳ್ಳೆಯ ಕಾಳಿಗೆ ಹಸಿರು ಸುತ್ತು, ಕೆಟ್ಟದ್ದಕ್ಕೆ ಕೆಂಪು ಸುತ್ತು ಹಾಕುತ್ತಿತ್ತು. "ಅದು ಕಂಡಿದ್ದು ಹೇಳ್ತೈತೆ ಅಷ್ಟೇ. ಯಾಕ ಅಂತ ನಾವ್ ಕೇಳ್ಬೇಕು," ಎನ್ನುವುದು ಅವರ ಮಾತು.

ನಮ್ಮೂರು ಹದಡಿಯಲ್ಲಿ ನಾನೂ ನನ್ನ ಅತ್ತೆಯೂ ಮೊದಲ ಸಲ ಬಿತ್ತನೆಗೆಂದೇ ಭತ್ತ ಬೆಳೆದಿದ್ದೆವು. ಪರೀಕ್ಷೆಯಲ್ಲಿ ಗೆದ್ದರೆ ಅದು ಬೀಜ, ಸೋತರೆ ಗಿರಣಿಯ ಪಾಲು. "ಹೆಂಗಸ್ರು ಬೀಜ ಮಾಡ್ತಾರಂತೆ" ಎಂದು ನಕ್ಕಿದ್ದ ಊರಿನ ಮುಂದೆ ನಮ್ಮ ಮಾನ ಆ ತಟ್ಟೆಯ ಮೇಲಿತ್ತು.

ನಮ್ಮ ಚೀಲದ ಕಾಳು ಹರಡಿದರೆ ಪರದೆ ತುಂಬ ಕೆಂಪು ಸುತ್ತು! ರೋಗದ ಕಲೆ ಎಂದಿತು ಕಂಪ್ಯೂಟರ್. ಮೇಡಂ ಒಂದು ಕಾಳೆತ್ತಿ ಉಜ್ಜಿದರು, ಮೂಸಿದರು.

"ಚೀಲಕ್ಕೆ ಏನ್ ಹಾಕೀರಿ ಅಮ್ಮಾ?"

"ಅರಿಶಿನ ಕುಂಕುಮ. ಎಲ್ಲಾ ಚೀಲಕ್ಕೂ ಹಾಕಿ ಕಲಸೀನಿ," ಅಂದರು ಅತ್ತೆ. "ಮನಿ ಬಿಟ್ಟು ಹೊಂಟ ಲಕ್ಷ್ಮಿನ ಬರೀ ಹಣೇಲಿ ಕಳಿಸ್ಬೇಕೇನ್ರಿ?"

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೂ ಪಾಸು ಮಾಡಲಿಲ್ಲ. "ನಿಮ್ ಮಾತಿನ್ ಮ್ಯಾಲೆ ಬೀಜ ಅನ್ನಕ್ಕಾಗಲ್ಲ. ಮೊಳಕೆ ಬರ್ಲಿ," ಎಂದು ಚಿತ್ರ ತೆಗೆದ ಅವೇ ಕಾಳುಗಳನ್ನು ಒದ್ದೆ ಕಾಗದದಲ್ಲಿ ಸುರುಳಿ ಸುತ್ತಿಟ್ಟರು. ಬೇರೆ ಯಾರದೋ ಚೀಲದ, ನಿಜವಾಗಿ ರೋಗ ಹಿಡಿದ ಕಾಳುಗಳದ್ದು ಪಕ್ಕದಲ್ಲೇ ಇನ್ನೊಂದು ಸುರುಳಿ.

ಅವರು ಫೋನ್ ಮಾಡಿದ ದಿನ ನಾವು ಓಡಿದೆವು. ರೋಗದ ಸುರುಳಿಯಲ್ಲಿ ಬೂಷ್ಟು. ನಮ್ಮದರಲ್ಲಿ ಬೆಳ್ಳನೆಯ ಮೊಳಕೆ, ಒತ್ತೊತ್ತಾಗಿ! ಅತ್ತೆ ಚಪ್ಪಾಳೆ ತಟ್ಟಿಬಿಟ್ಟರು. ಮೇಡಂ ಎರಡೂ ಬಗೆಯ ಚಿತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, ಇದು ರೋಗ, ಇದು ಕುಂಕುಮ ಎಂದು ಪಾಠ ಮಾಡಿದರು. ಚೀಲದಿಂದ ಹೊಸ ಕಾಳು ಹರಡಿದಾಗ ಪರದೆಗೆ ಪರದೆಯೇ ಹಸಿರು.

"ಬರ್ರಿ, ಬೀಜದ ಸಾವ್ಕಾರ್ರು. ಕೂಡ್ರಿ," ಎಂದು ಮೇಡಂ ತಮ್ಮ ಕುರ್ಚಿಯನ್ನೇ ಅತ್ತೆಗೆ ಕೊಟ್ಟರು. ಅಂಥ ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ನಕ್ಕವರೇ ಈಗ ಬೀಜಕ್ಕೆ ನಮ್ಮ ಬಾಗಿಲಿಗೆ ಬರುತ್ತಾರೆ. ಮೇಡಂ ತೀರಿಕೊಂಡು ವರ್ಷವಾಯಿತು. ಅವರು ಕಾಣದ ಊರುಗಳಲ್ಲೂ ನಮ್ಮ ಭತ್ತ ಮೊಳೆಯುತ್ತಿದೆ. ನಮ್ಮ ಬೀಜಕ್ಕೆ ಬಂದ ಈ ಹೆಸರಿನಲ್ಲಿ ಅರ್ಧ ಪಾಲು ಮೇಡಂದು ಎಂದು ನಾನು ಬಂದವರಿಗೆ ಹೇಳಿದರೆ, ಒಳಗಿನಿಂದ ಅತ್ತೆ ಗದರುತ್ತಾರೆ: "ಅರ್ಧ ಯಾಕ ಅಂತೀಯ? ಮುಕ್ಕಾಲು ಅನ್ನು."