ಬೀಸುಕಲ್ಲಿನ ಆಚೆ ಬದಿಯ ದನಿ

ಬೈಲಹೊಂಗಲದ ಹತ್ತಿ ಬಿಡಿಸುವ ಜಿನ್ನಿನಲ್ಲಿ ವರ್ಷಾನುಗಟ್ಟಲೆ ಯಂತ್ರದ ಪಕ್ಕ ನಿಂತು ನಾನು ಗಳಿಸಿದ ಬಹುಮಾನ ಎಂದರೆ ಕಿವುಡಾದ ಎಡಗಿವಿ. ಅದಕ್ಕೇ ರಾಮದುರ್ಗದಲ್ಲಿರುವ ಮಗಳು ನನ್ನ ಫೋನಿನಲ್ಲಿ ಎಡಬಲದ ಶಬ್ದವನ್ನೆಲ್ಲ ಕೂಡಿಸಿ ಬಲಗಿವಿಗೇ ಬರುವಂತೆ ಸೆಟ್ಟಿಂಗ್ ಮಾಡಿಕೊಟ್ಟಿದ್ದಳು. ದಿನಾ ಬೆಳಿಗ್ಗೆ ಇಯರ್‌ಫೋನ್ ಹಾಕಿಕೊಂಡು ನಾನು ಕೇಳುವುದು ಒಂದೇ: ನನ್ನ ಅವ್ವ ಹಾಡಿದ ಬೀಸುವ ಪದ. ಮಗಳ ಮದುವೆಯ ಹೊತ್ತಿಗೆ ಅವ್ವ ಮತ್ತು ನನ್ನ ಹೆಂಡತಿ ಬೀಸುಕಲ್ಲಿನ ಆಚೆ ಈಚೆ ಕುಳಿತು, ಒಂದೇ ಗೂಟ ಹಿಡಿದು ಬೀಸುವಾಗ ಮದುಮಗಳೇ ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿದ್ದು. ಅವ್ವ ಈಗಿಲ್ಲ. ಆ ದನಿ ಒಂದು ಉಳಿದಿದೆ.

ಮೊನ್ನೆ ಫೋನು ಅಪ್‌ಡೇಟ್ ಮಾಡಲೇ ಎಂದು ಕೇಳಿತು. ಹೂಂ ಎಂದು ಒತ್ತಿದೆ. ಮರುದಿನ ಹಾಡು ಹಚ್ಚಿದರೆ ಅವ್ವ ಇಲ್ಲ. ಎಲ್ಲೋ ಹಿತ್ತಲಲ್ಲಿ ನಿಂತು ಹಾಡಿದಷ್ಟು ದೂರ. ಅಪ್‌ಡೇಟ್‌ಗೆ ಹೂಂ ಅಂದಿದ್ದೆ, ನನ್ನ ಸೆಟ್ಟಿಂಗ್ ಅಳಿಸಿ ಅಂದಿರಲಿಲ್ಲ. ಯಾರೆಂದು ಗೊತ್ತಿಲ್ಲದವರನ್ನು ಬಾಯಿಗೆ ಬಂದಂತೆ ಬೈದೆ.

ಬೈದು ಸುಸ್ತಾದ ಮೇಲೆ ಇನ್ನೊಂದು ದನಿ ಕಿವಿಗೆ ಬಿತ್ತು. ಅವ್ವ ಬಿಟ್ಟ ಸೊಲ್ಲನ್ನು ಮೆಲ್ಲಗೆ ಎತ್ತಿಕೊಂಡು ಹೋಗುತ್ತಿತ್ತು. ಇಷ್ಟು ದಿನ ಅವ್ವನ ದೊಡ್ಡ ಗಂಟಲಿನ ಕೆಳಗೆ ಮುಚ್ಚಿಹೋಗಿದ್ದ, ನನ್ನ ಹೆಂಡತಿಯ ದನಿ. ಇವಳಿಗೆ ಹಾಡು ಬರುವುದಿಲ್ಲ ಎಂದು ಬೀಗರ ಮುಂದೆಲ್ಲ ನಾನೇ ಹೇಳಿಕೊಂಡು ತಿರುಗಿದ್ದೆ.

ಮಗಳಿಗೆ ಫೋನ್ ಮಾಡಿದೆ. ಅವಳು ನಕ್ಕು, ರೆಕಾರ್ಡ್ ಮಾಡುವಾಗ ಅಜ್ಜಿ ಫೋನಿನ ಎಡಕ್ಕಿದ್ದಳು, ಎಡಗಡೆಯ ಇಯರ್‌ಫೋನನ್ನು ಬಲಗಿವಿಗೆ ಹಾಕಿ ನೋಡು ಎಂದಳು. ಹಾಕಿಕೊಂಡೆ. ಅವ್ವ ಬಂದಳು. ಕಣ್ಣು ತುಂಬಿತು. ಹಳೆಯ ಸೆಟ್ಟಿಂಗ್ ಮತ್ತೆ ಮಾಡಿಕೊಡುತ್ತೇನೆ ಎಂದಳು, ಬೇಡ ಎಂದೆ. ಒಬ್ಬರ ದನಿಯಲ್ಲಿ ಇನ್ನೊಬ್ಬರು ಮುಚ್ಚಿಹೋಗದಂತೆ ಇಬ್ಬರೂ ಬೇಕಿತ್ತು ನನಗೆ.

ಅಡುಗೆಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ಇಷ್ಟ್ ಚಂದ ಹಾಡ್ತಿ, ಮನ್ಯಾಗ ಒಂದಿನಾನೂ ಯಾಕ ಹಾಡಲಿಲ್ಲ?" ಎಂದೆ.

ಅವಳು ತಲೆ ಎತ್ತಲಿಲ್ಲ. "ದಿನಾ ರೊಟ್ಟಿ ಬಡಿಯೂಮುಂದ ಹಾಡ್ತೇನ್ರಿ. ನೀವು ಆ ಕಿವಿ ಈ ಕಡೆ ಮಾಡಿ ಕುಂತಿರ್ತೀರಿ."

ನಿಜ. ಪಡಸಾಲೆಯ ನನ್ನ ಕುರ್ಚಿ ಬೀದಿಗೆ ಮುಖ ಮಾಡಿತ್ತು. ಅಡುಗೆಮನೆ ನನ್ನ ಎಡಕ್ಕೆ. ಹೋಗಿ ಕುರ್ಚಿ ತಿರುಗಿಸಿದೆ, ಇಯರ್‌ಫೋನ್ ತೆಗೆದಿಟ್ಟು ಕುಳಿತೆ. ಬೀದಿಯಲ್ಲಿ ಹೋಗುವವರಿಗೆ ಈಗ ದಿನಾ ನನ್ನ ಬೆನ್ನು ಕಾಣುತ್ತದೆ.