ಗಂಗವ್ವನ ಜಟೆ ಮತ್ತು ನನ್ನ ಕತ್ತರಿ

ಇವತ್ತು ಬೆಳಿಗ್ಗೆ ನನ್ನ ಪಾರ್ಲರಿಗೆ ಬಂದ ಹೆಣ್ಣುಮಗಳೊಬ್ಬಳ ಬೈತಲೆಗೆ ಬಾಚಣಿಗೆ ಇಟ್ಟೊಡನೆ ಅರಿಶಿನದ ಪುಡಿ ಉದುರಿತು. ಹಿಂದಿನ ದಿನ ಗುಡ್ಡಕ್ಕೆ ಹೋಗಿ ಬಂದಿದ್ದಳಂತೆ. ನಮ್ಮ ಕಡೆ ಗುಡ್ಡ ಎಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಅಲ್ಲಿ ಹಚ್ಚಿಕೊಳ್ಳುವ ಅರಿಶಿನಕ್ಕೆ ಭಂಡಾರ ಎನ್ನುತ್ತೇವೆ. ಆ ಒಣ ವಾಸನೆಗೆ ನನ್ನ ಕೈ ನಿಂತುಬಿಟ್ಟಿತು. "ಯಾಕ್ರೀ ಅಕ್ಕಾರ, ಹೇನ ಅದಾವೇನ್ರಿ?" ಎಂದು ಆಕೆ ಅಳುಕುತ್ತಾ ಕೇಳಿದಳು. ಹೇನಿಲ್ಲ, ನೆನಪಿಗೆ ಗಂಗವ್ವ ಬಂದಿದ್ದಾಳೆ ಎಂದು ಹೇಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ, ಗುಡ್ಡದ ಬುಡದಲ್ಲಿರುವ ಉಗರಗೋಳದ ಹೆಣ್ಣುಮಕ್ಕಳಿಗೆ ಪಾರ್ಲರ್ ಕೆಲಸ ಕಲಿಸಲು ಒಂದು ಸಂಸ್ಥೆಯವರು ನನ್ನನ್ನು ಕರೆದಿದ್ದರು. ಬೈಲಹೊಂಗಲದಲ್ಲಿ ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ ಇಟ್ಟುಕೊಂಡಿದ್ದ ನನ್ನನ್ನು ಅವರು ತಜ್ಞೆ ಎಂದು ಪರಿಚಯಿಸಿದರು. ನಾನೂ ಕೂಡಲೇ ನಂಬಿದೆ. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತೆಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಹೆಣ್ಣು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದು ದಿನಾ ಪಾಠ ಶುರುಮಾಡುತ್ತಿದ್ದೆ. ಬೆಳಗಿನಿಂದ ಗುಡ್ಡದ ದಾರಿಯಲ್ಲಿ ನಿಂತು ಕಾಯಿ, ಕರ್ಪೂರ ಮಾರಿ ಬಂದಿದ್ದ ಆ ಹೆಂಗಸರು ಕೂರಲು ಜಾಗ ಹುಡುಕುತ್ತಿದ್ದರು.

ಅವರಲ್ಲಿ ರೇಣವ್ವ ಒಬ್ಬಳು. ಮಾತು ಕಡಿಮೆ, ಕೈ ಚುರುಕು. ಒಂದು ದಿನ ಎಲ್ಲರೂ ಹೋದ ಮೇಲೆ ಹಿಂದುಳಿದು, "ಮೇಡಂ, ಈ ಕತ್ರಿ ಜಟಿ ಕತ್ತರಿಸ್ತೈತೇನ್ರಿ?" ಎಂದು ಕೇಳಿದಳು. ಕೂದಲು ಕೂದಲೇ, ಅದರಲ್ಲೇನು ಎಂದೆ. ಅಷ್ಟು ಸುಲಭವಾಗಿ ನಾನು ಯಾವ ಉತ್ತರವನ್ನೂ ಕೊಟ್ಟವಳಲ್ಲ.

ಮರುದಿನ ಆಕೆ ತನ್ನ ಅತ್ತೆಯನ್ನು ಕರೆತಂದಳು. ಆಕೆಯೇ ಗಂಗವ್ವ. ನೆತ್ತಿಯಿಂದ ಸೊಂಟದವರೆಗೆ ಹಗ್ಗದಂತೆ ಗಂಟುಗಟ್ಟಿದ ಜಟೆ, ಅದರ ತುಂಬ ಭಂಡಾರ. ಕೂದಲು ತಾನಾಗಿ ಜಟೆಗಟ್ಟಿದರೆ ಅವ್ವ, ಅಂದರೆ ಎಲ್ಲಮ್ಮ, ಬಂದಿದ್ದಾಳೆ ಎನ್ನುತ್ತಾರೆ, ಬಾಚಬಾರದು, ಕತ್ತರಿಸಬಾರದು. ಹಿಂದೆ ಹೀಗೆ ಜಟೆ ಬಂದ ಹುಡುಗಿಯರನ್ನು ದೇವದಾಸಿಯರಾಗಿ ದೇವಿಗೆ ಬಿಡುತ್ತಿದ್ದರು. ಕಾನೂನು ಅದನ್ನು ನಿಲ್ಲಿಸಿತು, ಅಂಜಿಕೆಯನ್ನು ನಿಲ್ಲಿಸಲಿಲ್ಲ. ಗುಡ್ಡ ಹತ್ತುವವರು ಮೊದಲು ಗಂಗವ್ವನ ಕಾಲಿಗೆ ಬಿದ್ದು ಮುಂದೆ ಹೋಗುತ್ತಿದ್ದರು.

"ಕುತ್ತಿಗಿ ಹೊರಳಸಾಕ ಬರೂದಿಲ್ಲವ್ವಾ," ಎಂದಳು ಗಂಗವ್ವ. "ಮಲಗಿದ್ರ ತಲಿ ಒಂದ ಕಡಿ, ನಾ ಒಂದ ಕಡಿ. ತಗದಬಿಡು."

ನಾನು ಕತ್ತರಿ ಹಿಡಿದೆ. ಕೈ ಮೇಲೇಳಲಿಲ್ಲ. ನನ್ನ ಮನೆಯಲ್ಲೂ ಎಲ್ಲಮ್ಮನ ಪಟವಿದೆ, ಮಂಗಳವಾರ ದೀಪ ಹಚ್ಚುತ್ತೇನೆ. ಡಾಕ್ಟರಿಗೆ ತೋರಿಸೋಣ, ಮನೆಯವರನ್ನು ಕೇಳೋಣ ಎಂದೇನೇನೋ ಹೇಳಿದೆ. ರೇಣವ್ವ ನನ್ನ ಕೈಯಿಂದ ಮೆಲ್ಲಗೆ ಕತ್ತರಿ ತೆಗೆದುಕೊಂಡಳು. ಕತ್ತರಿಸಲೇ ಎಂದು ಅತ್ತೆಯನ್ನು ಮತ್ತೆ ಮತ್ತೆ ಕೇಳಿದಳು. ಗಂಗವ್ವ ಕಣ್ಣು ಮುಚ್ಚಿ ಪ್ರತಿ ಸಲವೂ ಹೂಂ ಎಂದಳು. ಕತ್ತರಿ ಸರಾಗವಾಗಿ ಆಡಲಿಲ್ಲ. ಕಬ್ಬು ಕೊಯ್ದಂತೆ ಕೊಯ್ಯಬೇಕಾಯಿತು. ಜಟೆ ಕಳಚಿ ಬಿದ್ದಾಗ ಭಾರ ತಪ್ಪಿದ ತಲೆ ಮುಂದಕ್ಕೆ ವಾಲಿತು. ಗಂಗವ್ವನ ಕೈ ಹಿಂದೆ ಹೋಗಿ ಇಲ್ಲದ್ದನ್ನು ಹುಡುಕಿತು. ಆಮೇಲೆ ತಾನೇ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ದೇವಿಗೆ ಒಪ್ಪಿಸಿ ಬರುತ್ತೇನೆಂದು ಗುಡ್ಡದ ಕಡೆ ನಡೆದಳು.

ಊರಲ್ಲಿ ಮಾತಾಯಿತು. ಕೆಲವರು ತರಬೇತಿಗೆ ಬರುವುದನ್ನೇ ಬಿಟ್ಟರು, ಏನೂ ಕೆಡುಕಾಗದ್ದನ್ನು ಕಂಡು ಮೆಲ್ಲಗೆ ಮರಳಿದರು. ರೇಣವ್ವ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ತೆರೆದಳು. ಮದುವೆ ಹುಡುಗಿಯರು ಬರತೊಡಗಿದರು. ನಾನು ಇದನ್ನು ಗೆಲುವು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಮುಂದಿನ ವರ್ಷ ಅಲ್ಲಿಗೆ ಹೋದಾಗ ಗಂಗವ್ವ ಬಾಗಿಲಲ್ಲಿ ಕೂತಿದ್ದಳು. ನಿದ್ದೆ ಹೇಗೆ ಬರುತ್ತದೆ ಎಂದು ವಿಚಾರಿಸಿದೆ.

"ನಿದ್ದಿ ಚಲೋ ಬರತೈತಿ," ಎಂದಳು. "ಎದ್ದ ಕುಂತ್ರ ನಾ ಯಾರ ಅನ್ನೂದ ತಿಳೀವಲ್ದು. ಮೊದಲ ಕಾಲಿಗಿ ಬೀಳತಿದ್ರು. ಈಗ ಸರಿಯ ಮುದಕಿ, ದಾರಿ ಬಿಡ ಅಂತಾರ."

ಒಬ್ಬಳನ್ನು ಕಾಲ ಮೇಲೆ ನಿಲ್ಲಿಸುವ ಭರದಲ್ಲಿ ಇನ್ನೊಬ್ಬಳ ಕಾಲಡಿಯ ನೆಲವನ್ನೇ ಎಳೆದೆನೇ? ಹಾಗಾದರೆ ಆ ಕುತ್ತಿಗೆ ನೋವು ಇರಬೇಕಿತ್ತೇ? ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಾ ಬೈಲಹೊಂಗಲದಲ್ಲಿ ಇಳಿಯುವುದನ್ನೂ ಮರೆತೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರೋ, ನನಗಂತೂ ಇಂದಿಗೂ ತೋಚಿಲ್ಲ.

ಹೋದ ತಿಂಗಳು ರೇಣವ್ವನ ಕೈಯಲ್ಲಿ ಮದುವೆ ಕೆಲಸ ಹೆಚ್ಚಾಗಿತ್ತು, ನೆರವಿಗೆ ಹೋಗಿದ್ದೆ. ತಾಯಿಯೊಬ್ಬಳು ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿಯ ಕಿವಿಯ ಹಿಂದೆ ಕೂದಲು ಗಂಟುಗಟ್ಟಿತ್ತು. ಮುಟ್ಟಬೇಡಿ ಎಂದು ಮನೆಯ ಹಿರಿಯರು ಹೇಳಿದ್ದರಂತೆ. ತಾಯಿಗೆ ಕತ್ತರಿಸಬೇಕೆಂದಿತ್ತು, ಆದರೆ ಬೇಕು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ರೇಣವ್ವ ನನ್ನ ಮುಖ ನೋಡಿದಳು. ಕತ್ತರಿಸಿದ ಮೇಲೆ ಈ ಮಗುವಿಗೆ ಮನೆಯಲ್ಲಿ ಏನಾಗುತ್ತದೋ ಎಂದು ನಾನು ರೇಣವ್ವನ ಮುಖ ನೋಡಿದೆ.

ಬಾಗಿಲಲ್ಲಿದ್ದ ಗಂಗವ್ವ ಎದ್ದು ಬಂದಳು. ತಾಯಿಯನ್ನು ಬಿಟ್ಟು ಹುಡುಗಿಯನ್ನು ಕೇಳಿದಳು, ನಿನಗೇನು ಬೇಕು ಎಂದು. ಎರಡು ಹೆಳಲು ಹಾಕಿಕೊಂಡು ಶಾಲೆಗೆ ಹೋಗಬೇಕು ಎಂದಿತು ಹುಡುಗಿ. ಗಂಗವ್ವ ನೆಲದ ಮೇಲೆ ಕೂತು ಅವಳನ್ನು ತನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡಳು.

"ಕತ್ತರಸ, ರೇಣವ್ವಾ. ಯಾರರ ಕೇಳಿದ್ರ ಗಂಗವ್ವ ಹೇಳ್ಯಾಳ ಅನ್ರಿ. ಜಟಿ ಹೊತ್ತಾಕಿ ನಾ. ಅವ್ವ ಸಿಟ್ಟಾದ್ರ ಮೊದಲ ನನ್ನ ಹಂತ್ಯಾಕ ಬರತಾಳ."

ಕೆಲಸ ಮುಗಿದ ಮೇಲೆ ತಾಯಿ ಗಂಗವ್ವನ ಕಾಲಿಗೆ ಬಿದ್ದಳು. ಗಂಗವ್ವ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಏನೆನ್ನಿಸಿತೋ, ಆಮೇಲೆ ಮತ್ತೆ ಮುಂದೆ ಚಾಚಿದಳು. ಹುಡುಗಿಯ ಮನೆಯಲ್ಲಿ ಒಂದಷ್ಟು ದಿನ ಜಗಳವಾಯಿತಂತೆ. ಅವಳ ಅಜ್ಜ ಬಂದು ಯಾಕೆ ಕತ್ತರಿಸಿದಿರಿ ಎಂದು ಗಂಗವ್ವನನ್ನೇ ಎದುರು ನಿಂತು ಕೇಳಿದನಂತೆ, ನಾನೇ ಹೇಳಿದ್ದು ಎಂದು ಆಕೆ ಹೇಳಿದ ಮೇಲೆ ಮರಳಿದನಂತೆ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ.

ಈಗ ಆ ಸಂಸ್ಥೆಯವರು ರಾಮದುರ್ಗದಲ್ಲಿ ಇನ್ನೊಂದು ತರಬೇತಿ ಇಟ್ಟುಕೊಂಡಿದ್ದಾರೆ. ಬರುತ್ತೇನೆ, ಜೊತೆಗೆ ಗಂಗವ್ವನನ್ನೂ ಕರೆಯಿರಿ ಎಂದೆ. ಆಕೆ ಏನು ಕಲಿಸುತ್ತಾಳೆ ಎಂದು ಕೇಳಿದರು. ಆಕೆಯನ್ನೇ ಕೇಳಿ ಹೇಳುತ್ತೇನೆ ಎಂದೆ. ಇವತ್ತು ಮಧ್ಯಾಹ್ನ ಪಾರ್ಲರಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ರೇಣವ್ವನಿಗೆ ಫೋನು ಮಾಡಿ ಅತ್ತೆಗೆ ಕೊಡಿಸಿದೆ. ರಾಮದುರ್ಗಕ್ಕೆ ನನ್ನ ಜೊತೆ ಬರಬೇಕು ಎಂದು ಗಂಗವ್ವನಿಗೆ ಹೇಳಿದೆ.

"ಅಲ್ಲಿ ಬಂದ ನಾ ಏನ ಹೇಳಲಿ?"

ನನಗೂ ಗೊತ್ತಿಲ್ಲ ಗಂಗವ್ವಾ ಎಂದೆ.

"ಹಂಗಾರ ಬರತೇನಿ," ಎಂದಳು.