ಇಪ್ಪತ್ತೊಂದನೇ ಪುಟದ ಎಲೆ

ಲೈಬ್ರರಿಯಮ್ಮನದು ಕಡ್ಡಿ ತುಂಡು ಮಾಡಿದಂಥ ಮಾತು. ಮೂವತ್ತು ವರ್ಷ ಒಂದು ಕೋಣೆ, ನಾಲ್ಕು ಕಪಾಟು ಕಾದವಳು. ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಆದರೆ ಆ ಊರಲ್ಲಿ ಗೀಚದವರೇ ಇರಲಿಲ್ಲ. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಹಳೇ ಓದುಗರು ತಲಾ ಒಂದು ಪುಟ ಹಿಡಿದು, ಎಲ್ಲ ಪುಸ್ತಕದಲ್ಲೂ ಅಲ್ಲೇ ಗುರುತು ಹಾಕುತ್ತಿದ್ದರು. ದರ್ಜಿಯದು ಒಂಬತ್ತನೇ ಪುಟದಲ್ಲಿ ಕತ್ತರಿ, ಅಂಚೆಯವನದು ನಲವತ್ತರಲ್ಲಿ ಸೊನ್ನೆ. ಇಪ್ಪತ್ತೊಂದರಲ್ಲಿ ಪುಟ್ಟ ಎಲೆ ಬಿಡಿಸುತ್ತಿದ್ದವಳು ಅವಳ ಸ್ವಂತ ತಂಗಿ.

ಪ್ರತಿ ಶನಿವಾರ ಲೈಬ್ರರಿಯಮ್ಮ ರಬ್ಬರ್ ಹಿಡಿದು ಕೂತು ಎಲ್ಲವನ್ನೂ ಅಳಿಸುತ್ತಿದ್ದಳು.

“ಅಕ್ಕಾ, ನಂದೊಂದಾದ್ರೂ ಬಿಡೇ,” ಎಂದು ತಂಗಿ ಗೋಗರೆಯುತ್ತಿದ್ದಳು.

“ನಿಂಗೊಂದು ನ್ಯಾಯ, ಊರಿಗೊಂದು ನ್ಯಾಯಾನಾ?”

ತಂಗಿ ತೀರಿಕೊಂಡು ಎರಡು ವರ್ಷ. ದರ್ಜಿಯೂ ಇಲ್ಲ, ಅಂಚೆಯವನೂ ಇಲ್ಲ. ಈಗ ಬರುವವರು ಪರೀಕ್ಷೆಗೆ ಓದುವ ಹುಡುಗಿಯರು. ಪುಸ್ತಕ ತಾವೇ ತಂದು, ಮೊಬೈಲ್ ಚಾರ್ಜಿಗಿಟ್ಟು, ತಲೆಯೆತ್ತದೆ ಕೂರುತ್ತಾರೆ. ತಂಗಿ ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಗೆ ಮಾತ್ರ ಯಾರೂ ಹೋಗುವುದಿಲ್ಲ. ಮಧ್ಯಾಹ್ನವಾದರೆ ಅಲ್ಲಿಂದ ಹಾಳೆ ಮಗುಚುವ ಸದ್ದು. ಗಾಳಿಯಿರಬೇಕೆಂದು ಲೈಬ್ರರಿಯಮ್ಮ ಕಿಟಕಿ ಮುಚ್ಚಿದಳು. ಸದ್ದು ನಿಲ್ಲಲಿಲ್ಲ.

ಸೋಮವಾರ ಮೇಲಿನಿಂದ ಆದೇಶ ಬಂತು. ಹಳೇ ಕಥೆ ಪುಸ್ತಕಗಳೆಲ್ಲ ಗುರುವಾರ ರದ್ದಿಗೆ, ಆ ಜಾಗಕ್ಕೆ ಕಂಪ್ಯೂಟರ್. ಅವಳು ಎದ್ದು ಕಪಾಟಿನ ಬಳಿ ಹೋದಳು. ಪುಸ್ತಕ ಹೋದರೆ ಹೋಗಲಿ, ತಂಗಿಯ ಒಂದೇ ಒಂದು ಎಲೆ ಸಿಕ್ಕರೆ ಸಾಕಿತ್ತು. ಮೂರು ದಿನ ಪ್ರತಿಯೊಂದರ ಇಪ್ಪತ್ತೊಂದನೇ ಪುಟ ತೆರೆದು ನೋಡಿದಳು. ಎಲ್ಲ ಚೊಕ್ಕ. ಕೆಟ್ಟ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ತನ್ನ ಕೈ ಕಂಡರೇ ಅವಳಿಗೆ ಹೇಸಿಗೆಯಾಯಿತು.

ಗುರುವಾರ ಎರಡು ಗಾಡಿ ತುಂಬಿ ಹೋದವು. ಕಪಾಟು ಬರಿದಾದ ಮೇಲೆ ನೋಡಿದರೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಂದು ಪುಸ್ತಕ. ಅವಳು ಇಟ್ಟದ್ದಲ್ಲ. ಇಪ್ಪತ್ತೊಂದನೇ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಪೆನ್ಸಿಲಿನ ಕಪ್ಪು ಹೋಗಿತ್ತು, ಒತ್ತಿದ ಗೆರೆ ಹೋಗಿರಲಿಲ್ಲ. ಬೆರಳಾಡಿಸಿದರೆ ಎಲೆ ಸಿಕ್ಕಿತು, ದಂಟೂ ಸಿಕ್ಕಿತು. ಹಾಗಾದರೆ ಗಾಡಿಯಲ್ಲಿ ಹೋದ ಎಲ್ಲದರಲ್ಲೂ ತಂಗಿಯಿದ್ದಳು. ಲೈಬ್ರರಿಯಮ್ಮ ಅತ್ತಳು.

“ಅಮ್ಮಾ, ಅದೊಂದು ಬಾಕಿ, ಕೊಡಿ,” ಎಂದ ಗಾಡಿಯವನು.

“ಅದು ಬರಲ್ಲಪ್ಪ. ಓದೋಕೆ ಕೊಟ್ಟಾಗಿದೆ.”

“ಯಾರಿಗೆ?”

ಅವಳು ರಿಜಿಸ್ಟರ್ ತೆರೆದು ತಂಗಿಯ ಹೆಸರು ಬರೆದಳು. ವಾಪಸ್ ತರಬೇಕಾದ ತಾರೀಖಿನ ಜಾಗವನ್ನು ಮೂವತ್ತು ವರ್ಷದಲ್ಲಿ ಮೊದಲ ಸಲ ಖಾಲಿ ಬಿಟ್ಟಳು. ಪುಸ್ತಕವನ್ನು ಅದೇ ಕುರ್ಚಿಯಲ್ಲಿಟ್ಟು, ಪಕ್ಕದಲ್ಲೊಂದು ಪೆನ್ಸಿಲ್ ಇಟ್ಟಳು.